ಮಳೆ ರಜೆ, ಮುರಿದ ಕ್ರೆಯಾನ್, ತುಂಡು ಚಾರ್ಟ್: ಕ್ರಾಫ್ಟ್ ಟೀಚರ್‌ಗೆ ನಮ್ಮ ಪ್ರಶ್ನೆಗಳು

ಈ ವಾರ ಗುಂಪಿನಲ್ಲಿ ಉತ್ತರ ಕೊಡುವವರು ಕೊಡಗಿನ ಗೋಣಿಕೊಪ್ಪ ಕಡೆಯ ಒಬ್ಬ ಕ್ರಾಫ್ಟ್ ಟೀಚರ್. 27 ವರ್ಷ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಚಿತ್ರ, ಹೊಲಿಗೆ, ಮಣ್ಣಿನ ಕೆಲಸ ಕಲಿಸಿ ಈಗ ನಿವೃತ್ತರಾಗಿದ್ದಾರೆ. ಮನೆಯಲ್ಲಿ ಉಳಿದ ಕ್ರಾಫ್ಟ್ ಸಾಮಾನಿನ ಬಗ್ಗೆ ಏನು ಬೇಕಾದರೂ ಕೇಳಿ ಅಂದಿದ್ದಾರೆ.

ಪ್ರಶ್ನೆ, ಮಡಿಕೇರಿಯಿಂದ

ನಮಸ್ತೆ ಟೀಚರ್. ಮಗನಿಗೆ 8 ವರ್ಷ, ಮಗಳಿಗೆ 4. ಮೂರು ದಿನದಿಂದ ಮಳೆ ರಜೆ, ಕರೆಂಟೂ ಇಲ್ಲ. ಮನೆಯಲ್ಲಿ ಒಂದು ದೊಡ್ಡ ರಟ್ಟಿನ ಡಬ್ಬ ಇದೆ. ಶಾಲೆಯ ಪ್ರಾಜೆಕ್ಟ್‌ಗೆ ಅಂತ ತಂದು ಉಳಿದದ್ದೆಲ್ಲ ಅದರಲ್ಲೇ ಬಿದ್ದಿದೆ. ಅರ್ಧ ಕತ್ತರಿಸಿದ ಚಾರ್ಟ್, ಮುರಿದ ಕ್ರೆಯಾನ್, ಒಣಗಿದ ಸ್ಕೆಚ್ ಪೆನ್, ಐಸ್‌ಕ್ರೀಮ್ ಕಡ್ಡಿ, ಉಲ್ಲನ್ ದಾರ, ಥರ್ಮಾಕೋಲ್, ಗ್ಲಿಟರ್, ಹಳೇ ಮದುವೆ ಕಾಗದ. ಬಿಸಾಡಲು ಮನಸ್ಸು ಬರುವುದಿಲ್ಲ. ವಿಡಿಯೋ ನೋಡಿ ಏನಾದರೂ ಮಾಡೋಣ ಅಂದರೆ ಪ್ರತಿಯೊಂದಕ್ಕೂ ಇನ್ನೇನೋ ಹೊಸದು ತರಬೇಕು. ಅತ್ತೆ "ಎಲ್ಲಾ ನೀರೊಲೆಗೆ ಹಾಕು, ಸ್ನಾನಕ್ಕೆ ನೀರಾದರೂ ಕಾಯುತ್ತೆ" ಅನ್ನುತ್ತಾರೆ. ಎಲ್ಲಿಂದ ಶುರು ಮಾಡಲಿ?

ಟೀಚರ್

ಮೊದಲು ಅತ್ತೆಯವರ ಮಾತಿಗೆ ಉತ್ತರ ಕೊಡುತ್ತೇನೆ. ಬರೀ ಕಾಗದ, ರಟ್ಟು, ಮರದ ಕಡ್ಡಿ ಒಲೆಗೆ ಹೋದರೆ ತೊಂದರೆ ಇಲ್ಲ. ಥರ್ಮಾಕೋಲ್, ಗ್ಲಿಟರ್, ಪ್ಲಾಸ್ಟಿಕ್ ಹಾಳೆ ಅಂಟಿಸಿದ ಮದುವೆ ಕಾಗದ ಮಾತ್ರ ಖಂಡಿತ ಬೇಡ. ಅವುಗಳ ಹೊಗೆ ಮಕ್ಕಳಿಗೂ ಒಳ್ಳೆಯದಲ್ಲ, ಅತ್ತೆಗೂ ಒಳ್ಳೆಯದಲ್ಲ. ಮಳೆಗಾಲದಲ್ಲಿ ಕಿಟಕಿ ಬೇರೆ ಮುಚ್ಚಿರುತ್ತೀರಿ.

ಶುರು ಮಾಡುವುದು ಡಬ್ಬ ಮಗುಚುವುದರಿಂದ. ನೆಲಕ್ಕೆ ಹಳೇ ಬೆಡ್‌ಶೀಟ್ ಹಾಸಿ, ಎಲ್ಲಾ ಸುರಿಯಿರಿ. ಇಬ್ಬರು ಮಕ್ಕಳೂ ಸೇರಿ ಬೇರೆ ಬೇರೆ ಮಾಡಲಿ. ಕೆಂಪು ಒಂದು ಕಡೆ, ಹಸಿರು ಒಂದು ಕಡೆ ಅಂತ ಬೇಡ. ಯಾವುದು ಬಾಗುತ್ತದೆ, ಯಾವುದು ನೆಟ್ಟಗೆ ನಿಲ್ಲುತ್ತದೆ, ಯಾವುದರಲ್ಲಿ ಕಟ್ಟಬಹುದು, ಯಾವುದು ಬಣ್ಣ ಬಿಡುತ್ತದೆ, ಹೀಗೆ ಕೇಳಿ. ಚಿಕ್ಕವಳು ಒಂದೊಂದು ಕಡ್ಡಿಯನ್ನೂ ಬಾಗಿಸಿ ನೋಡುತ್ತಾಳೆ. ದೊಡ್ಡವನು ವಾದ ಮಾಡುತ್ತಾನೆ. ದಾರ ಬಾಗುತ್ತದೆ, ಆದರೆ ನಿಲ್ಲಲ್ಲ. ಚಾರ್ಟ್ ಮಡಚಿದರೆ ನಿಲ್ಲುತ್ತದೆ. ಮಕ್ಕಳಿಗೆ ಇದೇ ದೊಡ್ಡ ಆಟ, ಅರ್ಧ ದಿನ ಹಿಡಿದರೂ ಹಿಡಿಯಲಿ. ಆ ಹೊತ್ತಿಗೆ ಇಬ್ಬರಿಗೂ ಒಂದೊಂದು ಯೋಚನೆ ಬಂದಿರುತ್ತದೆ.

ಇನ್ನೊಂದು ಮಾತು. ಉಳಿದದ್ದನ್ನು ಬಳಸಲು ಹೊಸದು ಕೊಳ್ಳಬೇಡಿ. ಕಡ್ಡಿ ಉಳಿದಿದೆ ಅಂತ ಗ್ಲೂ ಗನ್ ತಂದರೆ, ಡಬ್ಬದಲ್ಲಿ ಇನ್ನೊಂದು ಸಾಮಾನು ಸೇರಿತು ಅಷ್ಟೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು 40 ಮಕ್ಕಳ ಕೈಯಲ್ಲೂ ಒಂದೇ ಥರದ ಚಿಟ್ಟೆ ಮಾಡಿಸಿದ್ದೆ. ಮಾದರಿಯ ಬಣ್ಣ ಸಾಲದೆ ಎರಡು ಸಲ ಪೇಟೆಗೆ ಹೋಗಿ ಬಂದೆ. ವರ್ಷದ ಕೊನೆಗೆ ಕಪಾಟಿನಲ್ಲಿ ಉಳಿದ ಸಾಮಾನು ಮೊದಲಿಗಿಂತ ಜಾಸ್ತಿ ಇತ್ತು. ಮಾರನೆಯ ವರ್ಷದಿಂದ ಮಾದರಿ ತೋರಿಸುವುದನ್ನೇ ಬಿಟ್ಟೆ. "ನಿನ್ನ ಹತ್ತಿರ ಏನಿದೆ?" ಅಂತ ಕೇಳಲು ಶುರು ಮಾಡಿದೆ. ಕಪಾಟು ನಿಧಾನವಾಗಿ ಖಾಲಿಯಾಯಿತು.

ಈಗ ನಿಮ್ಮ ಮೂರು ದಿನದ ಮಳೆಗೆ ಬರೋಣ. ಮಡಿಕೇರಿಯ ಆಷಾಢದಲ್ಲಿ ಅಂಟು ಒಣಗಲ್ಲ, ಪೇಂಟ್ ಒಣಗಲ್ಲ, ಕಾಗದ ಮೆತ್ತಗಾಗಿ ಮಡಿಕೆ ನಿಲ್ಲಲ್ಲ. ಉಪ್ಪು ಹಾಕಿದ ಮೈದಾ ಹಿಟ್ಟಿನ ಗೊಂಬೆಯಂತೂ ಗಾಳಿಯ ತೇವ ಎಳೆದುಕೊಂಡು ಮಾರನೆಯ ದಿನವೇ ಬೆವರುತ್ತದೆ. ಅದಕ್ಕೆ ಮಳೆಗಾಲಕ್ಕೆ ಒಣಗಬೇಕಿಲ್ಲದ ಕೆಲಸ ಇಟ್ಟುಕೊಳ್ಳಿ. ನೇಯುವುದು, ಪೋಣಿಸುವುದು, ಹೊಲಿಯುವುದು, ಸೀಳಿ ಸಿಕ್ಕಿಸುವುದು.

ನಿಮ್ಮ ಉಲ್ಲನ್ ದಾರಕ್ಕೆ ಒಂದು ಮಗ್ಗ ಸಾಕು. ಬಿಸ್ಕತ್ತಿನ ಡಬ್ಬದ ರಟ್ಟು ಬೇಡ, ಅದು ತೆಳು. ಪಾರ್ಸಲ್ ಬಂದ ದಪ್ಪ ರಟ್ಟಿನಲ್ಲಿ ಅಂಗೈ ಅಗಲ, ಗೇಣುದ್ದದ ತುಂಡು ಕತ್ತರಿಸಿ. ಮೇಲೂ ಕೆಳಗೂ ಬೆರಳಗಲಕ್ಕೆ ಒಂದರಂತೆ ಸಣ್ಣ ಕಚ್ಚು ಹಾಕಿ. ಕಚ್ಚುಗಳು 5 ಅಥವಾ 7 ಇದ್ದರೆ ಸಾಕು. ಗಟ್ಟಿ ದಾರವನ್ನು ಮೇಲಿಂದ ಕೆಳಕ್ಕೆ ಎಳೆದು ಕಚ್ಚಿನಲ್ಲಿ ಸಿಕ್ಕಿಸಿ. ತೀರಾ ಬಿಗಿ ಬೇಡ, ರಟ್ಟು ಬಿಲ್ಲಿನ ಹಾಗೆ ಬಾಗಿಬಿಡುತ್ತದೆ. ಐಸ್‌ಕ್ರೀಮ್ ಕಡ್ಡಿಯ ತುದಿಗೆ ಉಲ್ಲನ್ ಕಟ್ಟಿದರೆ ಅದೇ ಸೂಜಿ. ಒಂದರ ಮೇಲೆ, ಒಂದರ ಕೆಳಗೆ. ಪ್ರತಿ ಸಾಲಿಗೂ ಬೆರಳಿನಿಂದ ಕೆಳಕ್ಕೆ ದಬ್ಬಬೇಕು. 8 ವರ್ಷದವನು ಎರಡು ದಿನದಲ್ಲಿ ಕಾಫಿ ಲೋಟ ಇಡುವಷ್ಟು ಅಗಲದ ಬಟ್ಟೆ ನೇಯುತ್ತಾನೆ. ಉಲ್ಲನ್ ಮುಗಿದರೆ ಹಳೇ ಬನಿಯನ್ ಬೆರಳಗಲಕ್ಕೆ ಸೀಳಿ ಕೊಡಿ. ಟೈಲರ್ ಹತ್ತಿರ ಉಳಿಯುವ ಸೀರೆ, ರವಿಕೆಯ ಚಿಂದಿಯೂ ಆಗುತ್ತದೆ. ಚಿಕ್ಕವಳಿಗೆ ನೇಯ್ಗೆ ಕಷ್ಟ. ರಟ್ಟಿನಲ್ಲಿ ತೂತು ಮಾಡಿ ಕೊಡಿ, ಶೂ ಲೇಸ್ ಪೋಣಿಸಿಕೊಂಡು ಕೂರುತ್ತಾಳೆ.

ಮಗನಿಗೆ ಬೇಜಾರಾದರೆ ಇನ್ನೊಂದಿದೆ. ಮಡಿಕೇರಿಯ ಮಗು ಅಂದಮೇಲೆ ದಸರಾ ರಾತ್ರಿ ಮಂಟಪ ನೋಡಿಯೇ ಇರುತ್ತಾನೆ. ವಿಜಯದಶಮಿಯ ರಾತ್ರಿ ಹತ್ತು ದೇವಸ್ಥಾನದ ಹತ್ತು ಮಂಟಪ ಬರುತ್ತದಲ್ವಾ, ಅದರಲ್ಲಿ ಕೈ ಎತ್ತುವ, ತಲೆ ತಿರುಗಿಸುವ ಗೊಂಬೆಗಳೇ ಮಕ್ಕಳಿಗೆ ಇಷ್ಟ. ಶೂ ಡಬ್ಬವನ್ನು ಅಡ್ಡ ಮಲಗಿಸಿದರೆ ಒಂದು ಮಂಟಪ. ಗೊಂಬೆಯ ಮೈ ಒಂದು ರಟ್ಟು, ತೋಳು ಇನ್ನೊಂದು ರಟ್ಟು. ಎರಡಕ್ಕೂ ಸೇರಿಸಿ ಒಂದು ತೂತು. ಮುಂದೊಂದು ಗುಂಡಿ, ಹಿಂದೊಂದು ಗುಂಡಿ ಇಟ್ಟು, ತೂತಿನೊಳಗಿಂದ ದಾರ ಹಾಯಿಸಿ ಸಡಿಲವಾಗಿ ಕಟ್ಟಿ. ತೋಳು ಗುಂಡಿಯ ಸುತ್ತ ತಿರುಗಬೇಕು. ತೋಳಿನ ಹೊರಗಿನ ತುದಿಗೆ ಇನ್ನೊಂದು ದಾರ ಕಟ್ಟಿ, ಡಬ್ಬದ ಮೇಲಿನ ತೂತಿನಿಂದ ಹೊರಗೆ ತನ್ನಿ. ಎಳೆದರೆ ಕೈ ಏಳುತ್ತದೆ, ಬಿಟ್ಟರೆ ಇಳಿಯುತ್ತದೆ. ಇಳಿಯದಿದ್ದರೆ ತೋಳಿನ ತುದಿಗೆ ಒಂದು ಗುಂಡಿ ಹೊಲಿಯಿರಿ, ಭಾರಕ್ಕೆ ಇಳಿಯುತ್ತದೆ. ಇದಕ್ಕೆ ಒಂದು ತೊಟ್ಟು ಅಂಟೂ ಬೇಡ. ಕರೆಂಟ್ ಹೋದ ಹೊತ್ತಿಗೆ ಡಬ್ಬದ ಹಿಂಬದಿ ಕತ್ತರಿಸಿ ಹಿಂದಿನಿಂದ ಟಾರ್ಚ್ ಬಿಡಿ, ಗೋಡೆಯ ಮೇಲೆ ನೆರಳು ಕುಣಿಯುತ್ತದೆ.

ಗ್ಲಿಟರ್ ಬಗ್ಗೆ ಕೇಳಿದ್ದೀರಿ. ಅದು ಬಹುಪಾಲು ಪ್ಲಾಸ್ಟಿಕ್ ಚೂರು. ಸಿಂಕಿಗೆ ತೊಳೆಯಬೇಡಿ. ಮುಚ್ಚಳ ಗಟ್ಟಿಯಾಗಿ ಮುಚ್ಚುವ ಪಾರದರ್ಶಕ ಬಾಟಲಿಗೆ ನೀರಿನ ಜೊತೆ ಹಾಕಿ, ಮುಚ್ಚಳಕ್ಕೆ ಟೇಪ್ ಸುತ್ತಿ ಕೊಡಿ. ಚಿಕ್ಕವಳು ಅಲ್ಲಾಡಿಸಿ ನೋಡುತ್ತಿರುತ್ತಾಳೆ. ಮತ್ತೆ ತರಬೇಡಿ.

ಪ್ರಶ್ನೆ, ವಿರಾಜಪೇಟೆಯಿಂದ

ಟೀಚರ್, ಮುರಿದ ಕ್ರೆಯಾನ್ ಕರಗಿಸಿ ಹೊಸದು ಮಾಡಬಹುದು ಅಂತ ಕೇಳಿದ್ದೇನೆ. ನಾನು ಮಾಡಿದ್ದು ಗಟ್ಟಿಯಾಗಲೇ ಇಲ್ಲ, ಬೆಣ್ಣೆಯ ಹಾಗೆ ಉಳಿಯಿತು. ತಪ್ಪು ಎಲ್ಲಾಯಿತು? ಸ್ಕೆಚ್ ಪೆನ್‌ಗೂ ಏನಾದರೂ ದಾರಿ ಇದೆಯಾ?

ಟೀಚರ್

ನೀವು ಕರಗಿಸಿದ್ದು ಆಯಿಲ್ ಪೇಸ್ಟಲ್ ಇರಬೇಕಮ್ಮ. ನೋಡಲು ಎರಡೂ ಒಂದೇ ಥರ. ಉಗುರಿನಿಂದ ಕೆರೆದು ನೋಡಿ. ಮೇಣದ ಕ್ರೆಯಾನ್ ಪುಡಿಪುಡಿಯಾಗಿ ಏಳುತ್ತದೆ. ಪೇಸ್ಟಲ್ ಮೆತ್ತಗೆ ಉಗುರಿಗೆ ಅಂಟುತ್ತದೆ. ಅದರಲ್ಲಿ ಎಣ್ಣೆ ಇರುವುದರಿಂದ ಕರಗಿಸಿದರೆ ಸರಿಯಾಗಿ ಗಟ್ಟಿಯಾಗಲ್ಲ. ಪೇಸ್ಟಲ್ ತುಂಡನ್ನು ಹಾಗೇ ಇಟ್ಟುಕೊಂಡು ಅಡ್ಡ ಹಿಡಿದು ಉಜ್ಜಲು ಬಳಸಿ. ಕಾಗದದ ಕೆಳಗೆ ಎಲೆ ಇಟ್ಟು ಮೇಲಿಂದ ಉಜ್ಜಿದರೆ ನರನರವೂ ಮೂಡುತ್ತದೆ. ತೋಟದ ಸಿಲ್ವರ್ ಓಕ್ ಎಲೆ ಇದಕ್ಕೆ ತುಂಬಾ ಚೆನ್ನ.

ಮೇಣದ ಕ್ರೆಯಾನ್ ಆದರೆ ಸುತ್ತಿದ ಕಾಗದ ಮಕ್ಕಳೇ ಬಿಡಿಸಲಿ. ನೀರಿನಲ್ಲಿ ಹತ್ತು ನಿಮಿಷ ನೆನೆಸಿದರೆ ಸುಲಭವಾಗಿ ಬರುತ್ತದೆ. ಆಮೇಲೆ ಚೆನ್ನಾಗಿ ಒರೆಸಿ. ಅಡುಗೆಗೆ ಇನ್ನು ಬಳಸದ ಒಂದು ಸಣ್ಣ ಪಾತ್ರೆಯಲ್ಲಿ ಹಾಕಿ, ಆ ಪಾತ್ರೆಯನ್ನು ಕುದಿಯುವ ನೀರಿನಲ್ಲಿ ಇಡಿ. ನೇರ ಉರಿಯ ಮೇಲೆ ಬೇಡ, ಮೇಣ ಹೊತ್ತಿಕೊಳ್ಳುತ್ತದೆ. ಕರಗಿಸುವುದೂ ಸುರಿಯುವುದೂ ದೊಡ್ಡವರ ಕೆಲಸ. ಯಾವ ಬಣ್ಣಕ್ಕೆ ಯಾವುದು ಸೇರಬೇಕು ಅನ್ನುವುದು ಮಕ್ಕಳ ಕೆಲಸ.

ಅಚ್ಚಿಗೆ ಮೊಟ್ಟೆ ಚಿಪ್ಪು ಬಳಸಿ. ಮೇಲೆ ಸಣ್ಣ ತೂತು ಮಾಡಿ ಮೊಟ್ಟೆ ತೆಗೆದು, ಒಳಗೆ ಸೋಪು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಒಂದು ತೊಟ್ಟು ನೀರು ಉಳಿದಿದ್ದರೂ ಬಿಸಿ ಮೇಣ ಸಿಡಿಯಬಹುದು. ಅಕ್ಕಿ ತುಂಬಿದ ಲೋಟದಲ್ಲಿ ಚಿಪ್ಪನ್ನು ನಿಲ್ಲಿಸಿ ಸುರಿಯಿರಿ. ಮಾರನೆಯ ದಿನ ಮಕ್ಕಳು ಚಿಪ್ಪು ಒಡೆದು ಸುಲಿದರೆ ಒಳಗೆ ಬಣ್ಣದ ಮೊಟ್ಟೆ. 3–4 ವರ್ಷದ ಮಕ್ಕಳ ಮುಷ್ಟಿಗೆ ಉದ್ದ ಕ್ರೆಯಾನ್‌ಗಿಂತ ಇದು ಚೆನ್ನಾಗಿ ಕೂರುತ್ತದೆ.

ಸ್ಕೆಚ್ ಪೆನ್ ಹಿಂಬದಿಯ ಮುಚ್ಚಳ ತೆಗೆದರೆ ಒಳಗೆ ಬಣ್ಣ ಕುಡಿದ ಬತ್ತಿ ಇರುತ್ತದೆ. ಅದನ್ನು ಎಳೆದು, ಸಣ್ಣ ಬಟ್ಟಲಿನಲ್ಲಿ ಎರಡು ಚಮಚ ನೀರು ಹಾಕಿ ರಾತ್ರಿ ನೆನೆಸಿ. ಬೆಳಗ್ಗೆ ಬ್ರಶ್ ಅದ್ದಿ ಬರೆಯುವ ಬಣ್ಣ ರೆಡಿ. ಬಟ್ಟೆಗೆ ಹತ್ತಿದರೆ ಹೋಗುವುದು ಕಷ್ಟ, ಹಳೇ ಅಂಗಿ ಹಾಕಿಸಿ. ಪರ್ಮನೆಂಟ್ ಮಾರ್ಕರ್‌ಗೆ ಇದು ಆಗಲ್ಲ.

ಪ್ರಶ್ನೆ, ನಾಪೋಕ್ಲುವಿನಿಂದ

ಟೀಚರ್, ನಮ್ಮ ಮನೆಯ ಫೆವಿಕಾಲ್ ಡಬ್ಬದಲ್ಲೇ ಗಟ್ಟಿಯಾಗಿದೆ. ಅಮ್ಮ ಹಿಂದೆಲ್ಲ ಮೈದಾ ಅಂಟು ಕುದಿಸುತ್ತಿದ್ದರು. ಅದನ್ನೇ ಮಾಡೋಣ ಅಂದುಕೊಂಡೆ. ಬೂಷ್ಟು ಬರದ ಹಾಗೆ ಮೈಲುತುತ್ತ (ಕಾಪರ್ ಸಲ್ಫೇಟ್) ಹಾಕಬೇಕು ಅಂತಾರೆ. ತೋಟಕ್ಕೆ ಬೋರ್ಡೋ ಔಷಧಿ ಹೊಡೆಯಲು ತಂದದ್ದು ಸ್ಟೋರ್‌ನಲ್ಲಿ ಹೇಗೂ ಇದೆ. ಎಷ್ಟು ಹಾಕಲಿ?

ಟೀಚರ್

ಒಂದು ಚಿಟಿಕೆಯೂ ಬೇಡ ಅಣ್ಣ. ದಯವಿಟ್ಟು ಇದನ್ನು ಗುಂಪಿನವರೆಲ್ಲ ಓದಿ. ಹಳೇ ಕಾಲದಲ್ಲಿ ಪೋಸ್ಟರ್ ಅಂಟಿಸುವವರು, ಬೈಂಡ್ ಮಾಡುವವರು ಅಂಟಿಗೆ ಮೈಲುತುತ್ತ ಹಾಕುತ್ತಿದ್ದದ್ದು ನಿಜ. ಹುಳ ಬರಬಾರದು ಅಂತ. ಆದರೆ ಅದು ವಿಷ. ಮಕ್ಕಳು ಅಂಟಿನ ಕೈಯನ್ನೇ ಬಾಯಿಗೆ ಇಡುತ್ತಾರೆ. ನೀಲಿ ಹರಳು ನೋಡಲು ಕಲ್ಲುಸಕ್ಕರೆಯ ಹಾಗೆ ಹೊಳೆಯುತ್ತದೆ. ಅದು ಸ್ಟೋರ್‌ನಲ್ಲಿ ಮಕ್ಕಳ ಕೈಗೆ ಸಿಗದ ಹಾಗೆ ಬೀಗದೊಳಗೆ ಇರಬೇಕು. ತೋಟದ ಔಷಧಿಯ ಬಾಟಲಿ, ಮುಚ್ಚಳ, ಗೊಬ್ಬರದ ಚೀಲವನ್ನೂ ತೊಳೆದು ಕ್ರಾಫ್ಟ್‌ಗೆ ಕೊಡಬೇಡಿ. ತೊಳೆದರೂ ಬೇಡ. ಕಾಫಿ ತುಂಬಿದ ಗೋಣಿಚೀಲ ಆದರೆ ಕೊಡಿ. ಅದರ ನಾರು ಬಿಡಿಸಿದರೆ ಗೊಂಬೆಗೆ ಒಳ್ಳೇ ಕೂದಲಾಗುತ್ತದೆ.

ಮೈದಾ ಅಂಟು ಸುಲಭ. ಒಂದು ಚಮಚ ಮೈದಾಗೆ ಐದಾರು ಚಮಚ ನೀರು. ಮೊದಲು ತಣ್ಣೀರಿನಲ್ಲಿ ಗಂಟಿಲ್ಲದ ಹಾಗೆ ಕದಡಿ. ಸಣ್ಣ ಉರಿಯಲ್ಲಿ ತಿರುವುತ್ತಾ ಇರಿ. ಬಿಳಿ ಹೋಗಿ ಗಂಜಿಯ ಹಾಗೆ ಹೊಳಪು ಬಂದ ತಕ್ಷಣ ಇಳಿಸಿ. ಎರಡು ಲವಂಗ ಜಜ್ಜಿ ಹಾಕಿದರೆ ಬೂಷ್ಟು ಸ್ವಲ್ಪ ತಡವಾಗಿ ಬರುತ್ತದೆ. ಮಳೆಗಾಲದಲ್ಲಿ ಎರಡು ದಿನಕ್ಕಾಗುವಷ್ಟೇ ಮಾಡಿ, ಫ್ರಿಜ್‌ನಲ್ಲಿಡಿ. ಹುಳಿ ವಾಸನೆ ಬಂದರೆ ಚೆಲ್ಲಿ.

ಹುಣಸೆ ಬೀಜದ ಅಂಟೂ ಗಟ್ಟಿ. ಕೊಪ್ಪಳದ ಕಿನ್ನಾಳದಲ್ಲಿ ಮರದ ಗೊಂಬೆ ಮಾಡುವವರು ಇದನ್ನೇ ಬಳಸುವುದು. ಬೀಜ ಹುರಿದು, ಸಿಪ್ಪೆ ಬಿಡಿಸಿ, ರಾತ್ರಿಯಿಡೀ ನೆನೆಸಿ, ನುಣ್ಣಗೆ ರುಬ್ಬಿ ಕುದಿಸಬೇಕು. ಕೆಲಸ ಜಾಸ್ತಿ, ಆದರೆ ರಟ್ಟಿಗೆ ರಟ್ಟು ಅಂಟಿಸಲು ಮೈದಾಗಿಂತ ವಾಸಿ.

ಫೆವಿಕಾಲ್ ಬರೀ ಮಂದವಾಗಿದ್ದರೆ ನಾಲ್ಕು ಹನಿ ಬಿಸಿನೀರು ಹಾಕಿ ಕಲಸಿ, ಸರಿಯಾಗುತ್ತದೆ. ರಬ್ಬರಿನ ಹಾಗೆ ಆಗಿದ್ದರೆ ಬಿಟ್ಟುಬಿಡಿ.

ಪ್ರಶ್ನೆ, ಸೋಮವಾರಪೇಟೆಯಿಂದ

ಮೇಡಂ, ಫ್ರಿಜ್ ಬಂದಾಗಿನ ಥರ್ಮಾಕೋಲ್ ದೊಡ್ಡ ದೊಡ್ಡ ತುಂಡು ಇದೆ. ಮಗಳು ಮನೆ ಕಟ್ಟಬೇಕು ಅಂತಾಳೆ. ಕತ್ತರಿಸಲು ಹೋದರೆ ಇಡೀ ಹಾಲ್ ಬಿಳಿ ಗುಂಡು. ಸ್ಪ್ರೇ ಪೇಂಟ್ ಹೊಡೆದರೆ ತುಂಡೇ ಕರಗಿಹೋಯಿತು.

ಟೀಚರ್

ಸ್ಪ್ರೇ ಪೇಂಟಿನಲ್ಲಿರುವ ದ್ರಾವಕ ಥರ್ಮಾಕೋಲನ್ನು ತಿಂದುಹಾಕುತ್ತದೆ. ನೀರಿನಲ್ಲಿ ಕಲಸುವ ಪೋಸ್ಟರ್ ಬಣ್ಣ ಆದರೆ ಏನೂ ಆಗಲ್ಲ. ಆದರೆ ನನ್ನ ಕೇಳಿದರೆ ಅದನ್ನು ಕತ್ತರಿಸಲೇಬೇಡಿ. ಒಮ್ಮೆ ಗುಂಡು ಉದುರಿದರೆ ಗಾಳಿಗೆ ಚರಂಡಿ, ಅಲ್ಲಿಂದ ತೋಡು, ಅಲ್ಲಿಂದ ಹೊಳೆ. ನಮ್ಮೂರಿನ ನೀರು ಕೊನೆಗೆ ಹೋಗುವುದು ಕಾವೇರಿಗೇ ಅಲ್ವಾ.

ತುಂಡನ್ನು ಇಡಿಯಾಗಿ ಹಳೇ ದಿಂಬಿನ ಕವರ್‌ಗೆ ತುರುಕಿ, ಬಾಯಿ ಹೊಲಿದುಬಿಡಿ. ಅದು ಪಿನ್ ಬೋರ್ಡ್ ಆಗುತ್ತದೆ. ಮನೆ ಕಟ್ಟುವ ಆಸೆಗೆ ಅದೇ ಹೊಲ. ಪೊರಕೆ ಕಡ್ಡಿ ಚುಚ್ಚಿ ಬೇಲಿ, ಐಸ್‌ಕ್ರೀಮ್ ಕಡ್ಡಿ ಚುಚ್ಚಿ ಗೋಡೆ, ಅಡಿಕೆ ಹಾಳೆ ಮಡಚಿ ಸೂರು. ಬೇಡ ಅಂದಾಗ ಕಿತ್ತು ಇನ್ನೊಂದು ಮನೆ ಕಟ್ಟಬಹುದು.

ಪ್ರಶ್ನೆ, ಕುಶಾಲನಗರ ಕಡೆಯ ಅಂಗನವಾಡಿ ಕಾರ್ಯಕರ್ತೆ

ಅಕ್ಕಾ, ನಮ್ಮಲ್ಲಿ ಸೀಮೆಸುಣ್ಣದ ಚೂರು, ಕಪ್ಪು ಚಾರ್ಟಿನ ತುಂಡು, ರಾಶಿ ಹಳೇ ಪತ್ರಿಕೆ ಇವೆ. ಮಕ್ಕಳೇ ಹೆಕ್ಕಿ ತಂದ ಬೀಜಗಳೂ ಇವೆ. ಗುಲಗಂಜಿಯಲ್ಲಿ ಸರ ಮಾಡಿಸಬಹುದಾ?

ಟೀಚರ್

ಗುಲಗಂಜಿ ಬೇಡ. ಅದರ ಒಳಗಿನ ವಿಷ ತುಂಬಾ ಜೋರು. ಇಡೀ ಬೀಜದ ಸಿಪ್ಪೆ ಗಟ್ಟಿ ಅಂತ ಜನ ಧೈರ್ಯ ಮಾಡುತ್ತಾರೆ. ಸರಕ್ಕೆ ತೂತು ಮಾಡಿದರೆ ಆ ಸಿಪ್ಪೆಯೇ ಹೋಯಿತಲ್ಲ. ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ಹೊತ್ತಿಗೆ ಕೋವಿಗೆ ಸಿಕ್ಕಿಸುವ ತೋಕ್ ಪೂ (ಅಗ್ನಿಶಿಖೆ ಹೂ) ಕೂಡ ನೋಡಲಿಕ್ಕೆ ಮಾತ್ರ, ಅದರ ಗಿಡ, ಗೆಡ್ಡೆ ಎಲ್ಲಾ ವಿಷ. ಅಂಗನವಾಡಿ ವಯಸ್ಸಿಗೆ ಸಣ್ಣ ಬೀಜ ಯಾವುದೂ ಬೇಡ, ಮೂಗಿಗೆ, ಕಿವಿಗೆ ತುರುಕಿಕೊಳ್ಳುತ್ತಾರೆ. ಸುಲಿಯದ ಒಣ ಅಡಿಕೆ ದೊಡ್ಡದು, ಅದಕ್ಕೆ ಬಣ್ಣ ಬಳಿಯಲಿ.

ಕಪ್ಪು ಚಾರ್ಟಿಗೆ ಒಂದು ಚಂದದ ಕೆಲಸ ಹೇಳುತ್ತೇನೆ. ಇಳಿಜಾರಿನ ಬರೆಯ ಮೇಲೆ, ತೋಡಿನ ಪಕ್ಕ ಒಂದು ಜರಿಗಿಡ ಬೆಳೆಯುತ್ತದೆ. ಎಲೆಯ ಹಿಂಭಾಗ ಹಿಟ್ಟು ಬಳಿದ ಹಾಗೆ ಬೆಳ್ಳಗೆ ಇರುತ್ತದೆ. ನಾವೆಲ್ಲ ಚಿಕ್ಕಂದಿನಲ್ಲಿ ಅದನ್ನು ಕೈ ಮೇಲಿಟ್ಟು ಪಟ್ ಅಂತ ಹೊಡೆದು ಅಚ್ಚು ಮೂಡಿಸಿದವರೇ. ಅದೇ ಎಲೆಯನ್ನು ಕಪ್ಪು ಚಾರ್ಟಿನ ಮೇಲೆ ಇಟ್ಟು ಅಂಗೈಯಿಂದ ಒತ್ತಿ, ಮೆಲ್ಲಗೆ ಎತ್ತಲಿ. ಒಂದೊಂದು ಗರಿಯ ಅಂಚೂ ಬೆಳ್ಳಗೆ ಬಿದ್ದಿರುತ್ತದೆ. ಬಣ್ಣ ಬೇಡ, ಬ್ರಶ್ ಬೇಡ. ಎಲೆಯ ಮೇಲೆ ನೀರಿನ ಪಸೆ ಇರಬಾರದು, ಮಳೆಯಲ್ಲಿ ನೆಂದದ್ದು ಮೂಡಲ್ಲ. ಒಂದು ಎಲೆ ಒಂದೇ ಸಲ ಚೆನ್ನಾಗಿ ಮೂಡುತ್ತದೆ, ಅದಕ್ಕೆ ಹತ್ತು ಮಕ್ಕಳಿಗೆ ಹತ್ತು ಎಲೆ ಸಾಕು, ಗಿಡವನ್ನೇ ಕೀಳಬೇಡಿ.

ಸೀಮೆಸುಣ್ಣದ ಚೂರನ್ನು ನೀರಿನಲ್ಲಿ ಅದ್ದಿ ಬರೆಸಿ. ಒಣಗಿದ ಮೇಲೆ ಬಣ್ಣ ದಟ್ಟವಾಗಿ ಕಾಣುತ್ತದೆ, ಧೂಳೂ ಕಮ್ಮಿ.

ಹಳೇ ಪತ್ರಿಕೆ ಇದ್ದರೆ ಮೆಂತ್ಯದ ಬುಟ್ಟಿ ಮಾಡಿ. ನಮ್ಮ ಅಜ್ಜಿಯರ ಕಾಲದ ವಿದ್ಯೆ. ಕಾಗದವನ್ನು ಉಗುರಗಲ ಹರಿದು ಎರಡು ದಿನ ನೆನೆಸಿ. ಹರಿಯುವ ಕೆಲಸಕ್ಕೆ ಅಂಗನವಾಡಿ ಮಕ್ಕಳಿಗಿಂತ ಒಳ್ಳೆಯವರಿಲ್ಲ. ನೀರು ಹಿಂಡಿ, ಒರಳಿನಲ್ಲಿ ಕುಟ್ಟಿ. ನೆನೆಸಿ ರುಬ್ಬಿದ ಮೆಂತ್ಯವನ್ನು ನಾಲ್ಕು ಹಿಡಿ ಕಾಗದಕ್ಕೆ ಒಂದು ಹಿಡಿಯಂತೆ ಕಲಸಿ. ಬೋಗುಣಿ ಬೋರಲು ಹಾಕಿ, ಮೇಲೆ ತೆಳು ಬಟ್ಟೆ ಹೊದಿಸಿ, ಅರ್ಧ ಬೆರಳು ದಪ್ಪಕ್ಕೆ ತಟ್ಟಿ. ಅರ್ಧ ಒಣಗಿದಾಗ ಬೋಗುಣಿ ಬಿಡಿಸಿ, ಉಳಿದದ್ದು ಬಿಸಿಲಿಗೆ. ಮದುವೆ ಕಾಗದ ಸೇರಿಸಬೇಡಿ, ಅದು ನೆನೆಯಲ್ಲ. ನಿಮ್ಮ ಕುಶಾಲನಗರದಲ್ಲಿ ಮಳೆ ಕಮ್ಮಿ, ಬಿಸಿಲು ಸಿಗುತ್ತದೆ. ಭಾಗಮಂಡಲದವರು ಮಾತ್ರ ನವೆಂಬರ್–ಡಿಸೆಂಬರ್‌ನ ಸುಗ್ಗಿ ಹಬ್ಬ ಪುತ್ತರಿ ಕಳೆದ ಮೇಲೆ, ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಇಟ್ಟು ಒಣಗಿಸಿ. ಈಗ ಮಾಡಿದರೆ ಬೂಷ್ಟಿನ ಬುಟ್ಟಿ ಸಿಗುತ್ತದೆ.

ಮಡಿಕೇರಿಯಿಂದ ಮತ್ತೆ

ಟೀಚರ್, ಮೂರು ದಿನ ಆಯಿತು, ಹೇಳಲೇಬೇಕು ಅನ್ನಿಸಿತು. ಮಂಟಪ ಆಯಿತು. ಗೊಂಬೆ ಕೈ ಎತ್ತುತ್ತದೆ. ಇಳಿಸುವಾಗ ಸಿಕ್ಕಿಹಾಕಿಕೊಳ್ಳುತ್ತಿತ್ತು, ನೀವು ಹೇಳಿದ ಹಾಗೆ ತುದಿಗೆ ಗುಂಡಿ ಹೊಲಿದ ಮೇಲೆ ಸರಿಯಾಯಿತು. ಚಿಕ್ಕವಳು ಹಿಂದಿನಿಂದ ಟಾರ್ಚ್ ಹಿಡಿದಿದ್ದಳು. ಅತ್ತೆಯೇ ತಮ್ಮ ಹಳೇ ಕೆಂಪು ರೇಷ್ಮೆ ಸೀರೆಯ ಅಂಚು ಕತ್ತರಿಸಿ ಮಂಟಪಕ್ಕೆ ಪರದೆ ಹೊಲಿದುಕೊಟ್ಟರು. ಡಬ್ಬ ಅರ್ಧ ಖಾಲಿ. ಈಗ ಮಗನಿಗೆ ಹತ್ತೂ ಮಂಟಪ ಮಾಡಬೇಕಂತೆ. ಶೂ ಡಬ್ಬ ಪಕ್ಕದ ಮನೆಯವರು ಕೊಟ್ಟರು. ಗುಂಡಿ ಸಾಲುತ್ತಿಲ್ಲ. ಪೇಟೆಯಿಂದ ತರಲಾ?

ಟೀಚರ್

ತುಂಬಾ ಖುಷಿ ಆಯಿತಮ್ಮ. ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ.

ಗುಂಡಿ ಕೊಳ್ಳಬೇಡಿ. ಒರೆಸುವ ಬಟ್ಟೆಗೆ ಅಂತ ಎತ್ತಿಟ್ಟ ಹಳೇ ಅಂಗಿಗಳನ್ನು ತೆಗೆಯಿರಿ. ಒಂದು ಶರ್ಟಿನಲ್ಲಿ ಮುಂದೆ ಏಳು, ಎರಡು ತೋಳಿಗೆ ಎರಡು, ಒಳಗಡೆ ಹೊಲಿಗೆಯಲ್ಲಿ ಹೆಚ್ಚಿಗೆ ಕೊಟ್ಟದ್ದು ಒಂದೋ ಎರಡೋ ಸಿಗುತ್ತದೆ. ದಾರ ಕತ್ತರಿಸುವ ಕೆಲಸ ಮಗನಿಗೇ ಕೊಡಿ. ಗುಂಡಿಯ ಕೆಳಗೆ ಬಾಚಣಿಗೆಯ ಹಲ್ಲು ತೂರಿಸಿ ಎತ್ತಿ ಹಿಡಿದರೆ ಬಟ್ಟೆಗೆ ಕತ್ತರಿ ತಾಗಲ್ಲ. ಬಿಚ್ಚಿದ ಗುಂಡಿ ಚಿಕ್ಕವಳ ಕೈಗೆ ಸಿಗದ ಹಾಗೆ ಮುಚ್ಚಳದ ಡಬ್ಬಿಗೆ ಹಾಕಿಡಿ. ಆದರೂ ಸಾಲದಿದ್ದರೆ ದಪ್ಪ ರಟ್ಟನ್ನು ಐದು ರೂಪಾಯಿ ನಾಣ್ಯದ ಅಳತೆಗೆ ದುಂಡಗೆ ಕತ್ತರಿಸಿ ನಡುವೆ ಎರಡು ತೂತು ಮಾಡಿ, ಗುಂಡಿಯ ಕೆಲಸ ಅದೂ ಮಾಡುತ್ತದೆ. ಹತ್ತು ಮಂಟಪ ಆದ ದಿನ ಒಂದು ಫೋಟೋ ಹಾಕಿ.